ಬೀಗದ ಕೈ ಕೇಳುವ ಮಾಲೀಕರು

2010ನೆಯ ಇಸವಿಯಲ್ಲಿ ಅಮೆರಿಕದ ಮೇರಿಲ್ಯಾಂಡ್ ಸಂಸ್ಥಾನದಲ್ಲಿ ಒಬ್ಬ ಮನುಷ್ಯ ಸಂದರ್ಶನಕ್ಕೆ ಹೋಗಿದ್ದನು. ಅವನು ಕೆಲಸಕ್ಕೆ ಹೊಸಬನೇನೂ ಅಲ್ಲ. ಆ ಸಂಸ್ಥಾನದ ಸೆರೆಮನೆಗಳ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವನೇ. ತಾಯಿ ತೀರಿಕೊಂಡ ಕಾರಣ ಕೆಲವು ತಿಂಗಳು ರಜೆಯ ಮೇಲಿದ್ದು, ಮರಳಿ ಕೆಲಸಕ್ಕೆ ಸೇರುವ ಮುನ್ನ ಮತ್ತೊಮ್ಮೆ ಸಂದರ್ಶನಕ್ಕೆ ಕುಳಿತಿದ್ದನು. ಪ್ರಶ್ನೆಗಳ ನಡುವೆ, ಫೇಸ್‌ಬುಕ್ಕಿನಲ್ಲಿ ಖಾತೆ ಉಂಟೇ ಎಂದು ಎದುರಿನವರು ಕೇಳಿದರು. ಉಂಟೆಂದು ಹೇಳಿದಾಗ, ಅದನ್ನು ತೆರೆಯುವ ಹೆಸರನ್ನೂ ಪಾಸ್‌ವರ್ಡನ್ನೂ ಕೇಳಿದರು. ಅವನು ಕೊಟ್ಟನು. ಅವನು ಕುಳಿತಿದ್ದಂತೆಯೇ, ಅವನ ಕಣ್ಣೆದುರಿಗೇ, ಖಾತೆಯನ್ನು ತೆರೆದು ಓದತೊಡಗಿದರು. ಏಕೆ ಕೊಟ್ಟಿರೆಂದು ಮುಂದೆ ಪತ್ರಕರ್ತರು ವಿಚಾರಿಸಿದಾಗ ಅವನು ಹೇಳಿದ ಉತ್ತರದ ಸಾರ ಇಷ್ಟೆ: ಮನೆಯವರ ಹೊಟ್ಟೆ ತುಂಬಿಸಲು ಆ ಕೆಲಸ ಬೇಕಾಗಿತ್ತು.

ಇಲಾಖೆಯವರು ಕೇಳಿದ್ದಕ್ಕೂ ಒಂದು ಕಾರಣವಿತ್ತು. ಅಮೆರಿಕದ ಸೆರೆಮನೆಗಳಲ್ಲಿ ಪುಂಡರ ಗುಂಪುಗಳ ಕಾಟ ಬಹಳ. ಇಂತಹ ಗುಂಪುಗಳಿಗೆ ಸೇರಿದವರು ಕಾವಲಿನ ಕೆಲಸಕ್ಕೇ ನುಸುಳಿ ಬಂದರೆ ಅನಾಹುತವಾಗುವುದು ಖಂಡಿತ. ಆದುದರಿಂದ ಬರುವವರ ಸಹವಾಸ ಎಂತಹದೆಂದು ನೋಡಬೇಕಾಗಿದೆ ಎಂಬುದು ಅವರ ವಾದ. 2011ರ ಜನವರಿಯಲ್ಲಿ ಅಮೆರಿಕದ ನಾಗರಿಕ ಸ್ವಾತಂತ್ರ್ಯ ಸಂಘದ ಮೇರಿಲ್ಯಾಂಡ್ ಶಾಖೆ ಈ ಅಧಿಕಾರಿಯ ಪರವಾಗಿ ಪತ್ರ ಬರೆದು ಪ್ರತಿಭಟಿಸಿತು. ಇಲಾಖೆ ಈ ಪದ್ಧತಿಯನ್ನು 45 ದಿನಗಳ ಮಟ್ಟಿಗೆ ನಿಲ್ಲಿಸಿ, ಬಳಿಕ ಅದನ್ನು ಸ್ವಲ್ಪ ಮಾರ್ಪಡಿಸಿತು: ಇನ್ನು ಮುಂದೆ ಪಾಸ್‌ವರ್ಡನ್ನು ಕೇಳುವುದಿಲ್ಲ; ಉಮೇದುವಾರನು ಇಷ್ಟಪಟ್ಟರೆ ತಾನೇ ಖಾತೆಯನ್ನು ತೆರೆದು ತೋರಿಸಬಹುದು. ಒಟ್ಟು 2,689 ಉಮೇದುವಾರರ ವಿಷಯದಲ್ಲಿ ಇಂತಹ ಪರಿಶೀಲನೆ ನಡೆಸಿ, ಅದರಿಂದ 7 ಮಂದಿಯನ್ನು ತಿರಸ್ಕರಿಸಲಾಯಿತೆಂದು ಇಲಾಖೆಯೇ ಲೆಕ್ಕ ಕೊಟ್ಟಿತು. ಈ ಏಳರ ಬಗ್ಗೆ ನಮ್ಮ ತಕರಾರಿಲ್ಲ. ಉಳಿದ 2,682 ಜನರ ಮಾತೇನು ಎಂಬುದನ್ನು ನಾವು ಮುಂದೆ ನೋಡೋಣ.

ಇದಕ್ಕೂ ಒಂದು ವರ್ಷ ಮೊದಲು, 2009ರ ಜೂನ್ ತಿಂಗಳಿನಲ್ಲಿ, ಮೊಂಟಾನ ಸಂಸ್ಥಾನದ ಬೋಜ್‌ಮನ್ ಎಂಬ ಊರಿನ ಪೌರಸಭೆ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದುದು ಬೆಳಕಿಗೆ ಬಂದಿತು. ಅಲ್ಲಿ ಕೆಲಸಕ್ಕೆ ಅರ್ಜಿ ಹಾಕುವವರಿಗೆ ಕೊಡುತ್ತಿದ್ದ ನಮೂನೆಯಲ್ಲಿಯೇ ಫೇಸ್‌ಬುಕ್, ಗೂಗಲ್, ಯಾಹೂ, ಯೂಟ್ಯೂಬ್, ಮೈಸ್ಪೇಸ್ ಮೊದಲಾದವುಗಳಲ್ಲಿರುವ ಖಾತೆಗಳ ಹೆಸರನ್ನೂ ಅವುಗಳ ಒಳಹೋಗುವ ಗುಟ್ಟನ್ನೂ ಬರೆಯಲು ಗೆರೆ ಎಳೆದು ಜಾಗ ಬಿಟ್ಟಿದ್ದರು. ಸುದ್ದಿ ಪತ್ರಿಕೆಗಳಲ್ಲಿ ಬಂದುದೇ ತಡ, ದೇಶದ ಉದ್ದಗಲಕ್ಕೂ ಗದ್ದಲವೆದ್ದು, ಕೆಲವೇ ದಿನಗಳಲ್ಲಿ ಪೌರಸಭೆ ಆ ನಿಯಮವನ್ನು ಕೈಬಿಟ್ಟಿತು. ಮೊಂಟಾನದ 1972ರ ಸಂವಿಧಾನದಲ್ಲಿ ವ್ಯಕ್ತಿಯ ಖಾಸಗಿತನದ ಹಕ್ಕನ್ನು ಹೆಸರಿಟ್ಟು ಬರೆದಿದೆ ಎಂಬುದನ್ನು ನೆನೆದರೆ ನಗೆ ಬರುತ್ತದೆ.

ಮನೆಯ ಬೀಗದ ಕೈಯನ್ನು ಕೊಡು, ನಿನ್ನ ಪೆಟ್ಟಿಗೆಯಲ್ಲಿರುವ ಕಾಗದಗಳನ್ನು ಓದಿ ನೋಡುತ್ತೇನೆ, ಆಮೇಲೆ ಕೆಲಸದ ಮಾತು ಎಂದು ಯಾವ ಮಾಲೀಕನೂ ಬಾಯಿ ಬಿಟ್ಟು ಕೇಳಲಾರ. ಪಾಸ್‌ವರ್ಡನ್ನು ಮಾತ್ರ ಇಷ್ಟು ಸಲೀಸಾಗಿ ಹೇಗೆ ಕೇಳಿದರು? ಅದು ಎಂಟು ಹತ್ತು ಅಕ್ಷರಗಳ ಒಂದು ಮಾತು ಮಾತ್ರ, ವಿಳಾಸದಂತೆ, ದೂರವಾಣಿಯ ಸಂಖ್ಯೆಯಂತೆ ಅದೂ ಒಂದು ವಿವರ, ಎಂದು ಅವರು ಭಾವಿಸಿರಬೇಕು. ಈ ಭಾವನೆ ಎಷ್ಟು ತಪ್ಪೆಂಬುದನ್ನು ತಿಳಿಯಬೇಕಾದರೆ ಪಾಸ್‌ವರ್ಡೆಂಬುದು ಯಂತ್ರದ ಒಳಗೆ ಏನು ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ನೋಡಬೇಕು.

ಬೀಸಿದ ಹಿಟ್ಟು

ಕಂಪ್ಯೂಟರಿಗೆ ಪಾಸ್‌ವರ್ಡನ್ನು ತಂದವರು 1960ರ ದಶಕದ ಆರಂಭದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಂಗಡಿಗರು. ಆಗ ಕಂಪ್ಯೂಟರೆಂದರೆ ಒಂದು ಕೋಣೆಯನ್ನೇ ತುಂಬುವ ಯಂತ್ರ; ಅದನ್ನು ಹಲವರು ಹಂಚಿಕೊಂಡು ಬಳಸಬೇಕಾಗಿತ್ತು. ಒಂದೇ ಯಂತ್ರದೊಳಗೆ ಹಲವರ ಬರಹಗಳು ಇರುವಾಗ ಯಾರದನ್ನು ಯಾರಿಗೆ ತೋರಿಸಬೇಕೆಂದು ಯಂತ್ರಕ್ಕೆ ತಿಳಿಯುವುದು ಹೇಗೆ? ಮುಖ ನೋಡಿ ಗುರುತು ಹಿಡಿಯಲು ಅದಕ್ಕೆ ಕಣ್ಣಿರಲಿಲ್ಲ. ಆದುದರಿಂದ ಒಬ್ಬೊಬ್ಬನಿಗೂ ಒಂದೊಂದು ಗುಟ್ಟಿನ ಮಾತನ್ನು ಗೊತ್ತುಮಾಡಿದರು. ಆ ಮಾತನ್ನು ಹೇಳಿದವನೇ ಆ ಮನುಷ್ಯ. ಇಂದಿಗೂ ಪಾಸ್‌ವರ್ಡಿನ ತಿರುಳು ಇಷ್ಟೇ. ಅದು ಮನುಷ್ಯನನ್ನು ಕುರಿತ ಒಂದು ವಿವರವಲ್ಲ. ಯಂತ್ರದ ಲೆಕ್ಕದಲ್ಲಿ ಅದೇ ಆ ಮನುಷ್ಯ.

ಹಾಗಾದರೆ ಆ ಗುಟ್ಟನ್ನು ಕಾಯುವ ಕಂಪನಿಯವರಾದರೂ ಅದನ್ನು ಬರೆದಿಟ್ಟುಕೊಂಡಿರಬೇಕಲ್ಲವೇ ಎಂದು ವಾಚಕರು ಕೇಳಬಹುದು. ವಿಚಿತ್ರವೆಂದರೆ, ಸರಿಯಾಗಿ ನಡೆಯುವ ಯಾವ ವ್ಯವಸ್ಥೆಯಲ್ಲಿಯೂ ಅವರು ಅದನ್ನು ಬರೆದಿಟ್ಟುಕೊಳ್ಳುವುದಿಲ್ಲ. ರಾಗಿಯನ್ನು ಬೀಸುವ ಕಲ್ಲನ್ನು ಎಣಿಸಿಕೊಳ್ಳಿ. ಕಾಳನ್ನು ಹಾಕಿ ಬೀಸಿದರೆ ಹಿಟ್ಟು ಬರುತ್ತದೆ. ಕಲ್ಲನ್ನು ಹಿಂದುಮುಂದಾಗಿ ತಿರುಗಿಸಿ ಹಿಟ್ಟಿನಿಂದ ಕಾಳನ್ನು ಪಡೆಯಲಾಗದು. ಗಣಿತಜ್ಞರು ಇಂತಹದೇ ಒಂದು ಬೀಸುವ ಕಲ್ಲನ್ನು ಅಂಕೆಗಳ ಲೋಕದಲ್ಲಿ ನಿರ್ಮಿಸಿದ್ದಾರೆ. ಪಾಸ್‌ವರ್ಡನ್ನು ಅದರೊಳಗೆ ಹಾಕಿದರೆ ಅರ್ಥವಿಲ್ಲದ ಒಂದು ಉದ್ದನೆಯ ಅಂಕೆ ಹೊರಬರುತ್ತದೆ. ಅದೇ ಪಾಸ್‌ವರ್ಡಿಗೆ ಸದಾ ಅದೇ ಅಂಕೆ. ಒಂದು ಅಕ್ಷರ ಬದಲಾದರೂ ಇಡೀ ಅಂಕೆಯೇ ಗುರುತು ಸಿಗದಷ್ಟು ಬದಲಾಗುತ್ತದೆ. ಇಂತಹ ಒಂದು ಹೆಸರಾಂತ ವಿಧಾನದಲ್ಲಿ ಹೊರಬರುವ ಅಂಕೆ 256 ಸೊನ್ನೆ-ಒಂದುಗಳಷ್ಟು ಉದ್ದವಿರುತ್ತದೆ. ಒಳಗೆ ಹಾಕಿದ್ದರಲ್ಲಿ ಒಂದು ಅಕ್ಷರವನ್ನು ತಿದ್ದಿದರೆ ಇವುಗಳಲ್ಲಿ ಸುಮಾರು ಅರ್ಧದಷ್ಟು ತಿರುಗಿಬೀಳುತ್ತವೆ. ಕಂಪನಿಯವರು ಕಾದಿಡುವುದು ಈ ಹಿಟ್ಟನ್ನು ಮಾತ್ರ. ನಾವು ಪಾಸ್‌ವರ್ಡನ್ನು ಒತ್ತಿದಾಗಲೆಲ್ಲ ಅದನ್ನು ಮತ್ತೆ ಬೀಸಿ, ಹಳೆಯ ಹಿಟ್ಟಿನೊಡನೆ ಹೋಲಿಸಿ, ಎರಡೂ ಒಂದೇ ಆಗಿದ್ದರೆ ಬಾಗಿಲು ತೆರೆಯುತ್ತಾರೆ.

ಇಬ್ಬರು ಒಂದೇ ಪಾಸ್‌ವರ್ಡನ್ನು ಇಟ್ಟುಕೊಂಡಿದ್ದರೆ ಇಬ್ಬರ ಹಿಟ್ಟೂ ಒಂದೇ ಆಗಿ ಗುಟ್ಟು ಬಯಲಾಗುವ ಸಂಭವವುಂಟು. ಇದನ್ನು ತಪ್ಪಿಸಲು ಬೀಸುವ ಮುನ್ನ ಒಬ್ಬೊಬ್ಬರ ಪಾಸ್‌ವರ್ಡಿಗೂ ಬೇರೆ ಬೇರೆ ಅಂಕೆಯನ್ನು ಸೇರಿಸುತ್ತಾರೆ. ಈ ಉಪಾಯವನ್ನು ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರ ಒಂದು ಲೇಖನದಲ್ಲಿ ವಿವರಿಸಿದರು. ಹೀಗೆ ಸೇರಿಸುವ ಅಂಕೆಗೆ ಎಂಜಿನಿಯರುಗಳು ಇಟ್ಟಿರುವ ಹೆಸರು ‘ಉಪ್ಪು’. ರಾಗಿಹಿಟ್ಟಿಗೆ ಉಪ್ಪು ಬೆರೆಸುವವರಾದ ನಮಗೆ ಇದನ್ನು ನೆನಪಿಡುವುದು ಕಷ್ಟವಲ್ಲ.

ನಿಯಮವನ್ನು ಎಲ್ಲರೂ ಪಾಲಿಸುತ್ತಾರೆಂದಲ್ಲ. ಕೋಟ್ಯಂತರ ಜನರ ಪಾಸ್‌ವರ್ಡುಗಳು ಓದಲು ಬರುವ ರೂಪದಲ್ಲಿಯೇ ತನ್ನ ಯಂತ್ರಗಳಲ್ಲಿ ಉಳಿದುಹೋಗಿದ್ದುವೆಂದು 2019ರ ಮಾರ್ಚಿಯಲ್ಲಿ ಫೇಸ್‌ಬುಕ್ ಕಂಪನಿಯೇ ಒಪ್ಪಿಕೊಂಡಿತು. ಆದರೆ ಅದು ತಪ್ಪೆಂದೇ ಎಲ್ಲರೂ ಎಣಿಸಿದರು, ಕಂಪನಿಯೂ ತಿದ್ದಿಕೊಂಡಿತು. ಇಲ್ಲಿ ನಾವು ಗಮನಿಸಬೇಕಾದುದು ಆ ಏರ್ಪಾಡಿನ ಉದ್ದೇಶವನ್ನು. ಇಷ್ಟೆಲ್ಲ ಗಣಿತವನ್ನು ಕಟ್ಟಿರುವುದು ಪಾಸ್‌ವರ್ಡು ಲೋಕದಲ್ಲಿ ಒಬ್ಬನೇ ಒಬ್ಬನ ತಲೆಯಲ್ಲಿ ಇರಲಿ, ಬೀಗ ಮಾಡಿದವನಿಗೂ ತಿಳಿಯದಿರಲಿ ಎಂಬುದಕ್ಕಾಗಿ. ಮೇಜಿನ ಆಚೆ ಕುಳಿತ ಒಬ್ಬ ಅಧಿಕಾರಿ, “ನಿಮ್ಮ ಪಾಸ್‌ವರ್ಡು ಏನು?” ಎಂದು ಕೇಳಿದ ಗಳಿಗೆಯಲ್ಲಿ ಆ ಕೋಟೆ ಒಂದು ಗುಂಡೂ ಹಾರದೆ ಬೀಳುತ್ತದೆ. ಹಸಿವನ್ನು ತಡೆಯುವ ಗಣಿತ ಇನ್ನೂ ಹುಟ್ಟಿಲ್ಲ.

ಪಾಸ್‌ವರ್ಡು ಕೈಗೆ ಸಿಕ್ಕವನು ನೋಡುವುದಷ್ಟೇ ಅಲ್ಲ, ಮಾಡಬಲ್ಲನು ಕೂಡ. ಖಾತೆದಾರನ ಹೆಸರಿನಲ್ಲಿ ಬರೆಯಬಲ್ಲನು, ಅಳಿಸಬಲ್ಲನು, ಗೆಳೆಯರಿಗೆ ಪತ್ರ ಕಳುಹಿಸಬಲ್ಲನು. ಯಂತ್ರಕ್ಕೆ ಬೀಗದ ಕೈ ಮಾತ್ರ ಗೊತ್ತು, ಅದನ್ನು ಹಿಡಿದ ಕೈ ಗೊತ್ತಿಲ್ಲ. ಮೇರಿಲ್ಯಾಂಡಿನಲ್ಲಿ ಹೀಗೆ ಯಾರಾದರೂ ಮಾಡಿದರೆಂದು ನಾವು ಹೇಳುತ್ತಿಲ್ಲ. ಮಾಡಿದ್ದರೆ ಮಾಡಿದವರು ಯಾರೆಂದು ಸಾಧಿಸುವುದು ಆ ನೌಕರನಿಗೆ ಕಷ್ಟವಾಗುತ್ತಿತ್ತು ಎಂದಷ್ಟೇ ಹೇಳುತ್ತೇವೆ. ಅಲ್ಲದೆ, ಪಾಸ್‌ವರ್ಡು ಸರಿಯೆಂದು ಕಂಡ ಮೇಲೆ ಯಂತ್ರವು ಆ ಕಂಪ್ಯೂಟರಿಗೆ ಒಂದು ಚೀಟಿಯನ್ನು ಕೊಡುತ್ತದೆ. ಮುಂದೆ ಪ್ರತಿ ಸಲವೂ ಪಾಸ್‌ವರ್ಡನ್ನು ಕೇಳದೆ ಈ ಚೀಟಿಯನ್ನು ನೋಡಿಯೇ ಒಳಗೆ ಬಿಡುತ್ತದೆ. ಅಧಿಕಾರಿಯು ಮರೆತು ಹಾಗೆಯೇ ಎದ್ದುಹೋದರೆ ಆ ಕಚೇರಿಯ ಕಂಪ್ಯೂಟರಿನಲ್ಲಿ ಖಾತೆ ತೆರೆದೇ ಇರುತ್ತದೆ. ಮನೆಗೆ ಬಂದು ಪಾಸ್‌ವರ್ಡನ್ನು ಬದಲಿಸಬಹುದು, ನಿಜ. ಅಷ್ಟರೊಳಗೆ ಓದಿದ್ದನ್ನೂ ನಕಲು ಮಾಡಿದ್ದನ್ನೂ ಹಿಂದಕ್ಕೆ ತರಲಾಗದು. ಒಬ್ಬನ ಖಾತೆಯಲ್ಲಿರುವುದೆಲ್ಲವನ್ನೂ ಒಂದೇ ಕಟ್ಟಾಗಿ ಇಳಿಸಿಕೊಳ್ಳುವ ಅನುಕೂಲವನ್ನು ಫೇಸ್‌ಬುಕ್ 2010ರ ಅಕ್ಟೋಬರಿನಲ್ಲಿ ಒದಗಿಸಿತ್ತು.

ಒಳಗೆ ಯಾರಿದ್ದಾರೆ?

ಇಂತಹ ಖಾತೆಯನ್ನು ನಾವು ಮನೆಗೆ ಹೋಲಿಸುವುದಾದರೆ ಅದಕ್ಕೆ ಜಗಲಿಯುಂಟು, ನಡುಮನೆಯುಂಟು, ಒಳಕೋಣೆಯುಂಟು. ದಾರಿಹೋಕರೆಲ್ಲರೂ ಕಾಣುವಂತೆ ಬರೆದುದು ಜಗಲಿಯ ಮೇಲಿನದು. ಅದನ್ನು ಮಾಲೀಕನೂ ನೋಡಬಹುದು. ಯಾವ ಕಾನೂನೂ ಅದನ್ನು ಬೇಡವೆನ್ನುವುದಿಲ್ಲ. ಗೆಳೆಯರು, ಬಂಧುಗಳು ಎಂದು ಆರಿಸಿಕೊಂಡವರಿಗೆ ಮಾತ್ರ ಕಾಣುವುದು ನಡುಮನೆ. ಇಬ್ಬರ ನಡುವೆ ನಡೆದ ಪತ್ರವ್ಯವಹಾರ ಒಳಕೋಣೆಯದು. ಇದರ ಹಿಂದೆ ನಾವು ಯಾರೂ ಸಾಮಾನ್ಯವಾಗಿ ಕಾಲಿಡದ ಒಂದು ಉಗ್ರಾಣವೂ ಇದೆ: ಯಾವ ದಿನ ಎಷ್ಟು ಹೊತ್ತಿಗೆ ಯಾವ ಯಂತ್ರದಿಂದ ಒಳಬಂದೆವು, ಏನನ್ನು ಹುಡುಕಿದೆವು ಎಂಬ ದಾಖಲೆಗಳು ಅಲ್ಲಿ ಸೇರಿರುತ್ತವೆ. ಪಾಸ್‌ವರ್ಡು ಇವೆಲ್ಲಕ್ಕೂ ಸೇರಿದ ಒಂದೇ ಬೀಗದ ಕೈ. ನಡುಮನೆಯನ್ನು ಮಾತ್ರ ತೋರಿಸುವೆನೆಂದು ಅದನ್ನು ಕೊಡಲು ಬರುವುದಿಲ್ಲ.

ಒಳಕೋಣೆಯಲ್ಲಿರುವ ಪತ್ರಗಳು ಯಾರವು? ಅರ್ಧ ನಮ್ಮವು, ಅರ್ಧ ನಮಗೆ ಬರೆದವರವು. ತನ್ನ ಕಾಯಿಲೆಯನ್ನು ಅಕ್ಕನಿಗಲ್ಲದೆ ಬೇರಾರಿಗೂ ಹೇಳದ ತಂಗಿ, ಸಾಲದ ಚಿಂತೆಯನ್ನು ತೋಡಿಕೊಂಡ ಗೆಳೆಯ, ಗಂಡನ ಮನೆಯ ಸಂಗತಿಯನ್ನು ಬರೆದ ಸಹಪಾಠಿ ಇವರಾರೂ ಆ ಕೆಲಸಕ್ಕೆ ಅರ್ಜಿ ಹಾಕಿದವರಲ್ಲ. ಅವರನ್ನು ಯಾರೂ ಕೇಳಿಲ್ಲ. ತಮ್ಮ ಪತ್ರವನ್ನು ಪರರು ಓದಿದರೆಂಬುದು ಅವರಿಗೆ ಎಂದೂ ತಿಳಿಯುವುದಿಲ್ಲ. ಉಮೇದುವಾರನು ಮನಸಾರೆ ಒಪ್ಪಿದನೆಂದೇ ಇಟ್ಟುಕೊಳ್ಳೋಣ. ತನ್ನ ಪಾಲನ್ನು ಅವನು ಕೊಡಬಹುದು. ಅವರ ಪಾಲನ್ನು ಕೊಡಲು ಅವನಿಗೆ ಅಧಿಕಾರವೆಲ್ಲಿಯದು?

ಈಗ ಮೇರಿಲ್ಯಾಂಡಿನ ಲೆಕ್ಕಕ್ಕೆ ಹಿಂತಿರುಗೋಣ. ಒಬ್ಬೊಬ್ಬನ ಖಾತೆಯಲ್ಲಿ ನೂರು ಜನರ ಬರಹ ಇತ್ತೆಂದು, ಬರಿಯ ಲೆಕ್ಕಕ್ಕಾಗಿ, ಹಿಡಿಯಿರಿ. ಏಳು ಮಂದಿಯನ್ನು ಹುಡುಕುವುದಕ್ಕಾಗಿ ನಿರಪರಾಧಿಗಳಾದ 2,682 ಉಮೇದುವಾರರನ್ನಷ್ಟೇ ಅಲ್ಲದೆ, ಎರಡೂವರೆ ಲಕ್ಷಕ್ಕೂ ಮೀರಿದ ಅನ್ಯರ ಮಾತುಗಳನ್ನು ತೆರೆದಿಟ್ಟಂತಾಯಿತು. ಒಬ್ಬರ ಹೆಸರು ಹಲವು ಖಾತೆಗಳಲ್ಲಿ ಬರುವುದರಿಂದ ಸಂಖ್ಯೆ ಇದಕ್ಕಿಂತ ಕಡಮೆಯಾಗಬಹುದು. ಹಾಗಾದರೂ ತಪಾಸಣೆಗೆ ಒಳಗಾದವರಲ್ಲಿ ಬಹುಪಾಲು ಜನ ಸಂದರ್ಶನದ ಕೋಣೆಗೆ ಬಂದವರೇ ಅಲ್ಲ ಎಂಬುದು ಉಳಿಯುತ್ತದೆ.

ನೋಡಿ ತಿಳಿದದ್ದೇನು?

ಇಷ್ಟು ಬೆಲೆ ತೆತ್ತು ಮಾಲೀಕರು ಪಡೆಯುವ ಲಾಭವೇನೆಂಬುದನ್ನೂ ವಿಜ್ಞಾನಿಗಳು ಅಳೆದು ನೋಡಿದ್ದಾರೆ. ಅಮೆರಿಕದಲ್ಲಿ ವ್ಯಾನ್ ಇಡೆಕಿಂಗೆ ಮತ್ತು ಸಂಗಡಿಗರು, ಕೆಲಸ ಹುಡುಕುತ್ತಿದ್ದ ನಾನೂರಕ್ಕೂ ಹೆಚ್ಚು ಮಂದಿ ಕಾಲೇಜು ವಿದ್ಯಾರ್ಥಿಗಳ ಫೇಸ್‌ಬುಕ್ ಪುಟಗಳನ್ನು, ನೌಕರರನ್ನು ಆರಿಸುವುದೇ ಕಸುಬಾದ ಅನುಭವಿಗಳಿಗೆ ತೋರಿಸಿ ಅಂಕ ಹಾಕಿಸಿದರು. ಆ ವಿದ್ಯಾರ್ಥಿಗಳು ಕೆಲಸಕ್ಕೆ ಸೇರಿದ ಬಳಿಕ ಅವರ ಕೆಲಸ ಹೇಗಿದೆಯೆಂದು ಮೇಲಧಿಕಾರಿಗಳಿಂದ ಅಭಿಪ್ರಾಯ ಪಡೆದು ಎರಡನ್ನೂ ಹೋಲಿಸಿದರು. ಪುಟವನ್ನು ನೋಡಿ ಹಾಕಿದ ಅಂಕಕ್ಕೂ ಮುಂದಿನ ಕೆಲಸದ ಗುಣಕ್ಕೂ ಸಂಬಂಧವೇ ಕಾಣಲಿಲ್ಲ. ಯಾರು ಬೇಗನೆ ಕೆಲಸ ಬಿಟ್ಟುಹೋಗುವರೆಂಬುದೂ ಪುಟದಿಂದ ತಿಳಿಯಲಿಲ್ಲ. ಕಂಡುಬಂದುದು ಬೇರೊಂದು: ಸರಾಸರಿಯಲ್ಲಿ ಹೆಂಗಸರಿಗೂ ಬಿಳಿಯರಿಗೂ ಹೆಚ್ಚು ಅಂಕ ಬಿದ್ದಿತ್ತು. 2016ರಲ್ಲಿ ಅಚ್ಚಾದ ಈ ಅಧ್ಯಯನ ಒಂದೇ ಕೊನೆಯ ಮಾತೆಂದು ನಾವು ಹೇಳುವುದಿಲ್ಲ. ಆದರೆ ಖಾತೆಯನ್ನು ನೋಡಿದರೆ ಮನುಷ್ಯನ ಯೋಗ್ಯತೆ ತಿಳಿಯುತ್ತದೆ ಎನ್ನುವವರು ಅದಕ್ಕೆ ಉತ್ತರ ಹೇಳಬೇಕಾಗುತ್ತದೆ.

ಯೋಗ್ಯತೆ ತಿಳಿಯದಿದ್ದರೂ ಬೇರೆ ಅನೇಕ ಸಂಗತಿಗಳು ತಿಳಿಯುತ್ತವೆ. ಯಾವ ಮತದವನು, ಯಾವ ಪಕ್ಷದವನು, ಹೆಂಗಸಾದರೆ ಬಸುರಿಯೇ, ಮನೆಯಲ್ಲಿ ರೋಗಿಗಳಿದ್ದಾರೆಯೇ ಎಂಬಂತಹವು. ಜನಾಂಗ, ಬಣ್ಣ, ಧರ್ಮ, ಲಿಂಗಗಳನ್ನು ನೋಡಿ ಕೆಲಸ ನಿರಾಕರಿಸುವುದನ್ನು ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯಿದೆ ನಿಷೇಧಿಸಿದೆ. ಆದುದರಿಂದ ಬುದ್ಧಿವಂತ ಸಂದರ್ಶಕರು ಇಂತಹ ಪ್ರಶ್ನೆಗಳನ್ನು ಕೇಳುವುದೇ ಇಲ್ಲ. ಖಾತೆಯಲ್ಲಿ ಅವೇ ಉತ್ತರಗಳು ಪ್ರಶ್ನೆಯಿಲ್ಲದೆ ಕಣ್ಣಿಗೆ ಬೀಳುತ್ತವೆ. ಕಂಡದ್ದನ್ನು ಕಾಣಲಿಲ್ಲವೆಂದು ಮನಸ್ಸಿನಿಂದ ತೆಗೆದುಹಾಕುವುದು ಸಾಧ್ಯವೇ?

ಬರೆಯದಿದ್ದ ಸಂಗತಿಯನ್ನೂ ಊಹಿಸಬಹುದೆಂಬುದು 2013ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಮೈಕಲ್ ಕೊಸಿನ್‌ಸ್ಕಿ ಮತ್ತು ಇಬ್ಬರು ಸಹೋದ್ಯೋಗಿಗಳು ಪ್ರಕಟಿಸಿದ ಸಂಶೋಧನೆಯಿಂದ ಗೊತ್ತಾಯಿತು. 58,000ಕ್ಕೂ ಹೆಚ್ಚು ಮಂದಿ ಸ್ವಇಚ್ಛೆಯಿಂದ, ತಾವು ಫೇಸ್‌ಬುಕ್ಕಿನಲ್ಲಿ ‘ಲೈಕ್’ ಗುಂಡಿಯನ್ನು ಒತ್ತಿ ಯಾವ ಯಾವುದನ್ನು ಮೆಚ್ಚಿದ್ದರೋ ಆ ಪಟ್ಟಿಯನ್ನು ಇವರಿಗೆ ಕೊಟ್ಟಿದ್ದರು. ಆ ಪಟ್ಟಿಯೊಂದರಿಂದಲೇ ಯಂತ್ರ ಮಾಡಿದ ಊಹೆಗಳನ್ನು ನೋಡಿದರೆ ಬೆರಗಾಗುತ್ತದೆ. ಡೆಮೊಕ್ರಾಟ್ ಪಕ್ಷದವನೊಬ್ಬ, ರಿಪಬ್ಲಿಕನ್ ಪಕ್ಷದವನೊಬ್ಬ ಹೀಗೆ ಜೋಡಿ ಮಾಡಿ ಮುಂದಿಟ್ಟರೆ, ಯಾರು ಯಾವ ಪಕ್ಷವೆಂದು ನೂರು ಜೋಡಿಗಳಲ್ಲಿ ಸುಮಾರು 85ರಲ್ಲಿ ಸರಿಯಾಗಿ ಹೇಳಿತು. ಕ್ರೈಸ್ತ ಯಾರು, ಮುಸಲ್ಮಾನ ಯಾರು ಎಂಬುದನ್ನು 82 ಜೋಡಿಗಳಲ್ಲಿ ಸರಿಯಾಗಿ ಗುರುತಿಸಿತು. ಸುರುಳಿಯಾಗಿ ಕತ್ತರಿಸಿ ಕರಿದ ಆಲೂಗೆಡ್ಡೆಯನ್ನು ಮೆಚ್ಚಿದವರು ಬುದ್ಧಿಯ ಪರೀಕ್ಷೆಗಳಲ್ಲಿ ಮುಂದಿದ್ದರೆಂಬ ತಮಾಷೆಯ ಸಂಗತಿಯೂ ಅದರಲ್ಲಿ ಹೊರಬಿದ್ದಿತು. ಇದಕ್ಕೆ ಕಾರಣವನ್ನು ಹುಡುಕಹೋಗಬಾರದು. ಯಂತ್ರ ಕಂಡುಕೊಳ್ಳುವುದು ಒಂದರ ಜೊತೆಗೆ ಇನ್ನೊಂದು ಇರುವುದನ್ನೇ ಹೊರತು ಒಂದರಿಂದ ಇನ್ನೊಂದು ಆಗುವುದನ್ನಲ್ಲ. ಆಲೂಗೆಡ್ಡೆ ತಿಂದು ಪರೀಕ್ಷೆಗೆ ಹೋಗುವ ವಿದ್ಯಾರ್ಥಿಗಳಿಗೆ ಈ ಎಚ್ಚರಿಕೆ.

ಕಾನೂನು ಎಚ್ಚೆತ್ತ ಬಗೆ

2012ರ ಮಾರ್ಚಿಯಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಇಂತಹ ಹಲವು ಪ್ರಕರಣಗಳನ್ನು ಒಟ್ಟುಗೂಡಿಸಿ ವರದಿ ಮಾಡಿದಾಗ ವಿಷಯ ದೇಶದ ಚರ್ಚೆಯಾಯಿತು. ಪಾಸ್‌ವರ್ಡನ್ನು ಕೊಡುವುದೂ ಕೇಳುವುದೂ ತನ್ನ ನಿಬಂಧನೆಗಳಿಗೆ ವಿರುದ್ಧವೆಂದು ಫೇಸ್‌ಬುಕ್ ಹೇಳಿಕೆ ಕೊಟ್ಟಿತು. ಎಂದರೆ, ನೌಕರನು ಪ್ರಾಮಾಣಿಕನೇ ಎಂದು ನೋಡುವುದಕ್ಕಾಗಿ ಮಾಲೀಕನು ಅವನಿಂದ ಮೊದಲು ಒಂದು ಕರಾರನ್ನು ಮುರಿಸುತ್ತಿದ್ದನು! ಸೆನೆಟ್ ಸಭೆಯ ಸದಸ್ಯರಾದ ರಿಚರ್ಡ್ ಬ್ಲೂಮೆಂಥಲ್ ಮತ್ತು ಚಾರ್ಲ್ಸ್ ಷೂಮರ್ ಇದು ಇರುವ ಕಾನೂನಿಗೇ ವಿರುದ್ಧವಲ್ಲವೇ ಎಂದು ವಿಚಾರಿಸಬೇಕೆಂದು ಕೇಂದ್ರ ಸರಕಾರವನ್ನು ಕೇಳಿದರು.

ಇರುವ ಕಾನೂನೆಂದರೆ 1986ರದು. ಸಂಗ್ರಹಿಸಿಟ್ಟ ವಿದ್ಯುನ್ಮಾನ ಪತ್ರಗಳನ್ನು ಅನುಮತಿಯಿಲ್ಲದೆ ತೆರೆಯುವುದು ಅಪರಾಧವೆಂದು ಅದು ಹೇಳುತ್ತದೆ. ಆದರೆ ‘ಅನುಮತಿ’ ಎಂದರೇನು? ನ್ಯೂಜೆರ್ಸಿ ಸಂಸ್ಥಾನದ ಒಂದು ಮೊಕದ್ದಮೆಯಲ್ಲಿ ಈ ಪ್ರಶ್ನೆಯೇ ಮುಂದೆ ಬಂದಿತು. ಹ್ಯಾಕೆನ್‌ಸ್ಯಾಕ್ ಎಂಬ ಊರಿನ ಒಂದು ಭೋಜನಶಾಲೆಯ ನೌಕರರು ಮೈಸ್ಪೇಸಿನಲ್ಲಿ ತಮ್ಮತಮ್ಮೊಳಗೇ ಒಂದು ಗುಂಪು ಕಟ್ಟಿಕೊಂಡು ಮೇಲಿನವರನ್ನು ಹಾಸ್ಯಮಾಡಿ ಬರೆದುಕೊಳ್ಳುತ್ತಿದ್ದರು. ಮೇಲ್ವಿಚಾರಕನೊಬ್ಬ, ಗಿರಾಕಿಗಳನ್ನು ಬರಮಾಡಿಕೊಳ್ಳುವ ಕೆಲಸದಲ್ಲಿದ್ದ ಹುಡುಗಿಯ ಪಾಸ್‌ವರ್ಡನ್ನು ಪಡೆದು ಆ ಗುಂಪನ್ನು ಹೊಕ್ಕು ನೋಡಿದನು. ಗುಂಪಿನಲ್ಲಿದ್ದ ಇಬ್ಬರಿಗೆ ಕೆಲಸ ಹೋಯಿತು. ಆ ಹುಡುಗಿಯೇ ಕೊಟ್ಟಳಲ್ಲ, ಅನುಮತಿಯಿತ್ತಲ್ಲ, ಎಂದು ಮಾಲೀಕರು ವಾದಿಸಿದರು. ಕೊಡದಿದ್ದರೆ ತನಗೆ ತೊಂದರೆಯಾಗಬಹುದೆಂದು ತನಗೆ ಅನಿಸಿತ್ತೆಂದು ಅವಳು ಸಾಕ್ಷ್ಯ ಹೇಳಿದಳು. ಯಾರೂ ಅವಳನ್ನು ಬೆದರಿಸಿರಲಿಲ್ಲ, ಬೆದರಿಸಬೇಕಾಗಿಯೂ ಇರಲಿಲ್ಲ. ಜೂರಿಯವರು ಅವಳ ಮಾತನ್ನು ನಂಬಿ, ಅದು ನಿಜವಾದ ಅನುಮತಿಯಲ್ಲವೆಂದು ತೀರ್ಮಾನಿಸಿದರು. 2009ರ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶರೂ ಅದನ್ನು ಎತ್ತಿಹಿಡಿದರು. ನಮ್ಮ ಮಟ್ಟಿಗೆ ಈ ಇಡೀ ಚರ್ಚೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಕ್ಷ್ಯ ಆ ಹುಡುಗಿಯದು. ಸಂಬಳ ಕೊಡುವ ಕೈ ಚಾಚಿದಾಗ “ಇಷ್ಟವಿದ್ದರೆ ಕೊಡು” ಎಂಬ ಮಾತಿಗೆ ಎಷ್ಟು ಅರ್ಥವುಂಟೆಂಬುದನ್ನು ಅದು ತೋರಿಸುತ್ತದೆ. ಐರೋಪ್ಯ ಒಕ್ಕೂಟದ ದತ್ತಾಂಶ ರಕ್ಷಣೆಯ ‘29ನೆಯ ವಿಧಿಯ ಕಾರ್ಯತಂಡ’ವೂ 2017ರ ತನ್ನ ಅಭಿಪ್ರಾಯದಲ್ಲಿ ಇದನ್ನೇ ಹೇಳಿತು: ನೌಕರನು ಮಾಲೀಕನಿಗೆ ಕೊಡುವ ಒಪ್ಪಿಗೆ ಸ್ವತಂತ್ರವಾಗಿರುವುದು ತೀರ ವಿರಳ, ಉಮೇದುವಾರನನ್ನು ತನ್ನ ‘ಗೆಳೆಯ’ನಾಗೆಂದು ಒತ್ತಾಯಿಸಲೂ ಮಾಲೀಕನಿಗೆ ಆಧಾರವಿಲ್ಲ.

ಹಳೆಯ ಕಾನೂನನ್ನು ನಂಬಿ ಪ್ರತಿಯೊಬ್ಬ ನೌಕರನೂ ನ್ಯಾಯಾಲಯಕ್ಕೆ ಹೋಗಲಾರ. ಆದುದರಿಂದ ಸಂಸ್ಥಾನಗಳು ಹೊಸ ಕಾಯಿದೆಗಳನ್ನು ಮಾಡಿದವು. ಮೊದಲನೆಯದು, ಸಹಜವಾಗಿಯೇ, ಮೇರಿಲ್ಯಾಂಡಿನದು. ಅದು 2012ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಇಲಿನಾಯ್ ಮತ್ತು ಕ್ಯಾಲಿಫೋರ್ನಿಯದ ಕಾಯಿದೆಗಳು 2013ರ ಜನವರಿ 1ರಿಂದ ನಡೆದವು. ಬಳಿಕ ಒಂದೊಂದಾಗಿ ಇಪ್ಪತ್ತೈದಕ್ಕೂ ಮಿಕ್ಕ ಸಂಸ್ಥಾನಗಳು ಇದೇ ದಾರಿ ಹಿಡಿದವು. ನ್ಯೂಯಾರ್ಕಿನ ಕಾಯಿದೆ 2024ರ ಮಾರ್ಚ್ 12ರಂದು ಜಾರಿಗೆ ಬಂದಿತು. ಇಡೀ ದೇಶಕ್ಕೆ ಅನ್ವಯಿಸುವಂತಹ ಮಸೂದೆಗಳನ್ನು 2012ರಲ್ಲಿಯೇ ಮಂಡಿಸಿದ್ದರೂ ಅವು ಕಾಯಿದೆಗಳಾಗಲಿಲ್ಲ.

ಈ ಕಾಯಿದೆಗಳಲ್ಲಿ ಎಲ್ಲವೂ ಒಂದೇ ತೂಕದವಲ್ಲ. ಪಾಸ್‌ವರ್ಡನ್ನು ಕೇಳಬಾರದೆಂದು ಮಾತ್ರ ಹೇಳಿದರೆ ಮೇರಿಲ್ಯಾಂಡಿನ ಇಲಾಖೆ ಕಂಡುಕೊಂಡಂತಹ ಉಪಾಯ ಉಳಿಯುತ್ತದೆ: “ನೀವೇ ತೆರೆಯಿರಿ, ನಾವು ಪಕ್ಕದಲ್ಲಿ ನಿಂತು ನೋಡುತ್ತೇವೆ.” ಹೆಗಲ ಮೇಲಿಂದ ಇಣುಕುವ ಈ ಪದ್ಧತಿಯಲ್ಲಿ ಗುಟ್ಟಿನ ಮಾತು ನೌಕರನಲ್ಲಿಯೇ ಉಳಿಯುತ್ತದೆ, ಗುಟ್ಟು ಮಾತ್ರ ಉಳಿಯುವುದಿಲ್ಲ. ಕ್ಯಾಲಿಫೋರ್ನಿಯ, ಮಿಶಿಗನ್ ಮೊದಲಾದ ಕಡೆ ಇದನ್ನೂ ಹೆಸರಿಸಿಯೇ ನಿಷೇಧಿಸಿದ್ದಾರೆ. ಇನ್ನು ನೌಕರನ ಗೆಳೆಯನೇ ತಾನಾಗಿ ಒಯ್ದು ತೋರಿಸಿದರೆ? 2013ರಲ್ಲಿ ನ್ಯೂಜೆರ್ಸಿಯಲ್ಲಿಯೇ ಇಂತಹ ಒಂದು ಮೊಕದ್ದಮೆಯ ತೀರ್ಪು ಬಂದಿತು. ಆಸ್ಪತ್ರೆಯ ಸೇವಾಸಂಸ್ಥೆಯೊಂದರ ನೌಕರಳು ಗೆಳೆಯರಿಗಾಗಿ ಬರೆದುದನ್ನು, ಗೆಳೆಯರ ಪಟ್ಟಿಯಲ್ಲಿದ್ದ ಸಹೋದ್ಯೋಗಿಯೊಬ್ಬ ಯಾರೂ ಕೇಳದೆಯೇ ಚಿತ್ರ ತೆಗೆದು ಮೇಲಧಿಕಾರಿಗೆ ಕೊಟ್ಟಿದ್ದನು. ಅಂತಹ ಬರಹ 1986ರ ಕಾನೂನಿನ ರಕ್ಷಣೆಗೆ ಸೇರಿದುದೇ ಹೌದು, ಆದರೆ ಓದುವ ಹಕ್ಕುಳ್ಳ ಗೆಳೆಯನು ತಾನಾಗಿ ತೋರಿಸಿದರೆ ಕಾನೂನು ಮುರಿದಂತಾಗದು, ಎಂದು ನ್ಯಾಯಾಲಯ ಹೇಳಿತು. ನಡುಮನೆಗೆ ಕರೆದವನು ಜಗಲಿಗೆ ಹೋಗಿ ಆಡಿಕೊಂಡರೆ ಯಾವ ಬೀಗವೂ ತಡೆಯದು.

ಮಾಲೀಕರ ಕಡೆಯ ಮಾತಿನಲ್ಲಿಯೂ ಸ್ವಲ್ಪ ಹುರುಳಿದೆ ಎಂಬುದನ್ನು ಮರೆಮಾಚಬಾರದು. ಷೇರು ಪೇಟೆಯ ದಳ್ಳಾಳಿಗಳು ಗಿರಾಕಿಗಳೊಡನೆ ನಡೆಸುವ ವ್ಯವಹಾರದ ಪತ್ರಗಳನ್ನೆಲ್ಲ ಕಂಪನಿ ಕಾದಿಡಬೇಕೆಂಬುದು ಅಮೆರಿಕದ ನಿಯಮ. ದಳ್ಳಾಳಿಯು ತನ್ನ ಖಾಸಗಿ ಖಾತೆಯಿಂದಲೇ ಷೇರುಗಳ ಸಲಹೆ ಕೊಡತೊಡಗಿದರೆ ಕಂಪನಿ ಏನು ಮಾಡಬೇಕು? ಇಂತಹ ಸಂದರ್ಭಗಳಿಗಾಗಿ ಹಲವು ಕಾಯಿದೆಗಳಲ್ಲಿ ವಿನಾಯಿತಿ ಇದೆ. ಕಂಪನಿಯೇ ಕೊಟ್ಟ ಖಾತೆ ಮತ್ತು ಯಂತ್ರಗಳಿಗೂ ಸಾಮಾನ್ಯವಾಗಿ ಈ ರಕ್ಷಣೆ ಸಲ್ಲುವುದಿಲ್ಲ. ಕಚೇರಿಯ ಕಂಪ್ಯೂಟರಿನಲ್ಲಿ ಮನೆಯ ಮಾತು ಬರೆಯುವವರು ಇದನ್ನು ನೆನಪಿನಲ್ಲಿಡುವುದು ಮೇಲು.

ನಮ್ಮ ದೇಶದಲ್ಲಿ ಪಾಸ್‌ವರ್ಡನ್ನು ಕೇಳಬಾರದೆಂದು ಮಾಲೀಕರಿಗೆ ನೇರವಾಗಿ ವಿಧಿಸುವ ಇಂತಹ ಕಾಯಿದೆ ಇಲ್ಲ. ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಆ ಮೊಕದ್ದಮೆಗೆ ಹೆಸರು ಕೊಟ್ಟ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು. ಮೂಲಭೂತ ಹಕ್ಕುಗಳು ಮುಖ್ಯವಾಗಿ ಸರಕಾರದ ಕೈಯನ್ನು ತಡೆಯುವಂತಹವು. ಖಾಸಗಿ ಕಂಪನಿಯ ಮಾಲೀಕನ ಮಟ್ಟಿಗೆ ಬೇರೆ ಕಾಯಿದೆ ಬೇಕಾಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಅಂತಹದೊಂದು. ಅದನ್ನು ಹಂತಹಂತವಾಗಿ ಜಾರಿಗೆ ತರುವ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಅದರ ಏಳನೆಯ ಪ್ರಕರಣ ಓದತಕ್ಕದ್ದು. ‘ಉದ್ಯೋಗದ ಉದ್ದೇಶಗಳಿಗಾಗಿ’, ಮತ್ತು ಮಾಲೀಕನನ್ನು ನಷ್ಟದಿಂದ ಕಾಪಾಡುವುದಕ್ಕಾಗಿ, ನೌಕರನ ವಿವರಗಳನ್ನು ಒಪ್ಪಿಗೆಯಿಲ್ಲದೆಯೂ ಬಳಸಲು ಅದು ಎಡೆಗೊಡುತ್ತದೆ. ಈ ಬಾಗಿಲು ಎಷ್ಟು ಅಗಲವೆಂಬುದನ್ನು ಮುಂದೆ ನ್ಯಾಯಾಲಯಗಳು ಅಳೆದು ಹೇಳಬೇಕು.

ಈ ನಡುವೆ ವಿದೇಶಕ್ಕೆ ಹೋಗುವ ನಮ್ಮ ತರುಣರಿಗೆ ಇದೇ ಪ್ರಶ್ನೆ ಮಾಲೀಕರಿಂದಲ್ಲ, ಅಮೆರಿಕದ ಸರಕಾರದಿಂದಲೇ ಎದುರಾಗಿದೆ. 2019ರಿಂದ ವೀಸಾ ಅರ್ಜಿಯಲ್ಲಿ ಹಿಂದಿನ ಐದು ವರ್ಷಗಳಲ್ಲಿ ಬಳಸಿದ ಖಾತೆಗಳ ಹೆಸರನ್ನು ಬರೆಯಬೇಕಾಯಿತು. 2025ರ ಜೂನಿನಲ್ಲಿ, ವಿದ್ಯಾರ್ಥಿ ವೀಸಾ ಬೇಡುವವರು ತಮ್ಮ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂದು ಸೂಚನೆ ಹೊರಟಿತು. ಅದೇ ಡಿಸೆಂಬರಿನಲ್ಲಿ, ಬೆಂಗಳೂರಿನ ಎಂಜಿನಿಯರುಗಳಿಗೆ ಚೆನ್ನಾಗಿ ಪರಿಚಿತವಾದ ಎಚ್-1ಬಿ ಉದ್ಯೋಗ ವೀಸಾಕ್ಕೂ ಅದನ್ನು ವಿಸ್ತರಿಸಿದರು. ಇಲ್ಲಿ ಯಾರೂ ಪಾಸ್‌ವರ್ಡನ್ನು ಕೇಳಲಿಲ್ಲ, ಒಳಕೋಣೆಯ ಪತ್ರಗಳೂ ಹೊರಬೀಳುವುದಿಲ್ಲ. ನಡುಮನೆಯ ಗೋಡೆಯನ್ನು ಮಾತ್ರ ತೆಗೆಯಬೇಕು. ಹಾಗೆ ತೆಗೆದಾಗ ಹಳೆಯ ಚಿತ್ರಗಳ ಕೆಳಗೆ ಊರಿನ ಗೆಳೆಯರ ಬಳಗ ಬರೆದಿದ್ದ ಹರಟೆಯೂ ಹೊರಗೆ ಕಾಣುತ್ತದೆ; ವೀಸಾಕ್ಕೆ ಅರ್ಜಿ ಹಾಕಿದವರು ಅವರಲ್ಲ.